ತೋಟದ ಮಣ್ಣಿನಲ್ಲೇ ಗೋಡೆ: ಒತ್ತಿದ ಮಣ್ಣಿನ ಇಟ್ಟಿಗೆಯ ವಿಚಾರ

ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ, ಅದೇ ನಿವೇಶನಗಳಲ್ಲಿ ಕಾಂಕ್ರೀಟು ಕಟ್ಟಡಗಳು ಏಳುತ್ತಿರುವುದನ್ನು ಸದಸ್ಯ ಬಾಂಧವರಲ್ಲಿ ಅನೇಕರು ಕಂಡಿರಬಹುದು. ಬುನಾದಿ ತೋಡಿದಾಗ ಬರುವ ಕೆಂಪು ಮಣ್ಣನ್ನು ಲಾರಿಗೆ ತುಂಬಿ ಊರಾಚೆ ಸುರಿಯುತ್ತಾರೆ. ಬಳಿಕ ಬೇರೆಲ್ಲಿಯದೋ ಮಣ್ಣನ್ನು ಸುಟ್ಟು ಮಾಡಿದ ಇಟ್ಟಿಗೆಯನ್ನು ಅದೇ ಜಾಗಕ್ಕೆ ತರಿಸುತ್ತಾರೆ. ಹೋಗುವುದಕ್ಕೂ ಬಾಡಿಗೆ, ಬರುವುದಕ್ಕೂ ಬಾಡಿಗೆ! ತಮಾಷೆಯೆಂದರೆ, ಇಲ್ಲಿಂದ ಸ್ಯಾಂಕಿ ಕೆರೆಯನ್ನು ದಾಟಿ ಸ್ವಲ್ಪ ದೂರ ನಡೆದರೆ, ಆ ಚೆಲ್ಲುವ ಮಣ್ಣಿನಿಂದಲೇ ಗೋಡೆ ಕಟ್ಟುವ ವಿದ್ಯೆಯನ್ನು ಸಿದ್ಧಪಡಿಸಿದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಅನ್ವಯಿಸುವುದು ಅದರ ಗುರಿ. ಹೆಸರು ಕೇಳಿದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಹೊಗೆ ಕಡಮೆ ಮಾಡಿದ ಅಸ್ತ್ರ ಒಲೆ ನೆನಪಾಗುತ್ತದೆ. ಅದೇ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರದ ಹಳ್ಳಿ ಶಾಖೆಯೂ ಇತ್ತು. ಮಣ್ಣನ್ನು ಕೈಯಂತ್ರದಲ್ಲಿ ಒತ್ತುವ ಯೋಚನೆ ಹೊಸದಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ೧೯೫೦ರ ದಶಕದಲ್ಲೇ ಅಂಥ ಯಂತ್ರ ಬಂದಿತ್ತು. ನಮ್ಮ ಮಣ್ಣಿಗೆ ಯಾವ ಮಿಶ್ರಣ ಹೊಂದುತ್ತದೆ ಎಂಬುದನ್ನು ಹುಡುಕಿಕೊಟ್ಟದ್ದು ಇವರ ಹೆಚ್ಚುಗಾರಿಕೆ.

ಕೆಲಸ ಸರಳವೇ. ಮಣ್ಣಿಗೆ ತೂಕದಲ್ಲಿ ನೂರಕ್ಕೆ ೬ರಿಂದ ೮ರಷ್ಟು ಸಿಮೆಂಟು ಬೆರೆಸಿ, ತುಸು ನೀರು ಚಿಮುಕಿಸಿ, ಯಂತ್ರದ ಅಚ್ಚಿಗೆ ತುಂಬಿ ಸನ್ನೆಯನ್ನು ಎಳೆದರೆ ಇಟ್ಟಿಗೆ ಸಿದ್ಧ. ಸುಡುವುದಿಲ್ಲ, ಸೌದೆಯೂ ಬೇಡ. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಸುಮಾರು ಕಾಲು ಭಾಗ ಇದಕ್ಕೆ ಸಾಕೆಂದು ಆ ಸಂಸ್ಥೆಯವರ ಲೆಕ್ಕ. ೨೩೦ x ೧೯೦ x ೧೦೦ ಮಿ.ಮೀ. ಅಳತೆಯ ಒಂದು ಇಟ್ಟಿಗೆ ಸುಮಾರು ೮ ಕಿಲೋ ತೂಗುತ್ತದೆ, ಮಾಮೂಲಿ ಇಟ್ಟಿಗೆ ಎರಡೂಕಾಲು ಎರಡೂವರೆ ಹಿಡಿಯುವ ಜಾಗವನ್ನು ತುಂಬುತ್ತದೆ. ಒಂದು ಮೂಟೆ ಸಿಮೆಂಟಿಗೆ ಎಂಬತ್ತೈದು ತೊಂಬತ್ತು ಇಟ್ಟಿಗೆ ಎಂದು ಹಿಡಿಯಬಹುದು. ಲೈನು ಮನೆಗೋ ಗೊಬ್ಬರದ ಕೊಠಡಿಗೋ ಬಯಲುಸೀಮೆಯಿಂದ ಘಟ್ಟ ಹತ್ತಿಸಿ ಇಟ್ಟಿಗೆ ತರಿಸುವವರು ಈ ಲೆಕ್ಕವನ್ನು ಬಾಡಿಗೆಯೊಂದಿಗೆ ಹೋಲಿಸಿ ನೋಡಲಿ. ಪುತ್ತೂರು, ಬಂಟ್ವಾಳದ ಕಡೆ ಒಳ್ಳೆಯ ಮುರಕಲ್ಲು ಹತ್ತಿರದಲ್ಲೇ ಸಿಗುವವರಿಗೆ ಇದರ ಗೊಡವೆ ಬೇಡವೆಂದೇ ನಮ್ಮ ಅಭಿಪ್ರಾಯ.

ಆದರೆ ಬೆಂಗಳೂರಿನ ಮಣ್ಣು ಬೇರೆ, ನಮ್ಮದು ಬೇರೆ. ಮರಳಿನ ಅಂಶ ನೂರಕ್ಕೆ ೬೫ಕ್ಕೆ ಮೇಲಿದ್ದು, ಜೇಡಿ ೧೦ರಿಂದ ೧೫ರ ಒಳಗಿದ್ದರೆ ಸಿಮೆಂಟು ಚೆನ್ನಾಗಿ ಹಿಡಿಯುತ್ತದೆ. ಮಲೆನಾಡಿನ ಅನೇಕ ಕಡೆ ಜೇಡಿ ಇದಕ್ಕಿಂತ ಬಹಳ ಹೆಚ್ಚು. ಅಂಥ ಮಣ್ಣನ್ನು ಹಾಗೆಯೇ ಒತ್ತಿದರೆ ಒಣಗುವಾಗ ಬಿರಿಯುತ್ತದೆ, ಮಳೆಗೆ ನೆನೆದಾಗ ಅಂಚು ಕಳಚುತ್ತದೆ. ಕಲ್ಲು ಕ್ವಾರಿಯ ಪುಡಿ ಅಥವಾ ಮರಳನ್ನು ಬೆರೆಸಬೇಕು. ಜೇಡಿ ತೀರ ಹೆಚ್ಚಾದರೆ ಸಿಮೆಂಟಿನ ಜತೆಗೆ ಸುಣ್ಣವೂ ಬೇಕು. ಪರೀಕ್ಷೆಗೆ ಒಂದು ಗಾಜಿನ ಜಾಡಿ ಸಾಕು. ಮೂರನೆಯ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕೆ ಇಳಿಯುತ್ತದೆ, ಜೇಡಿ ಕೊನೆಗೆ ಮೇಲೆ ನಿಲ್ಲುತ್ತದೆ. ಮರುದಿನ ಪದರಗಳನ್ನು ಅಳೆದರೆ ಮಣ್ಣಿನ ಗುಣ ಹೆಚ್ಚುಕಡಮೆ ತಿಳಿಯುತ್ತದೆ. ಮೇಲ್ಮಣ್ಣನ್ನು ಮಾತ್ರ ಎಂದಿಗೂ ಇದಕ್ಕೆ ಬಳಸಬಾರದು. ಕೊಳೆತ ಎಲೆ ಬೇರುಗಳಿಂದ ಇಟ್ಟಿಗೆ ಕೆಡುತ್ತದೆ, ಅಲ್ಲದೆ ಅದರ ಜಾಗ ಗಿಡದ ಬುಡದಲ್ಲಿ.

ನೀರಿನ ಹದಕ್ಕೆ ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಕಡಮೆ, ಚಪ್ಪಟೆಯಾಗಿ ಕುಳಿತರೆ ಹೆಚ್ಚು. ಸಿಮೆಂಟು ಬೆರೆಸಿದ ಮಣ್ಣನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಬಳಿಕ ಮೂರು ನಾಲ್ಕು ವಾರ ನೆರಳಿನಲ್ಲಿ, ಹುಲ್ಲೋ ಗೋಣಿಯೋ ಹೊದಿಸಿ, ನೀರು ಹೊಡೆಯುತ್ತಿರಬೇಕು. ಅವಸರದ ಮೇಸ್ತ್ರಿಗಳು ಕೈಬಿಡುವುದು ಇದನ್ನೇ, ಗೋಡೆ ಉದುರಿದ ಮೇಲೆ ಬೈಗುಳ ತಿನ್ನುವುದು ಮಾತ್ರ ಮಣ್ಣು.

ಇಲ್ಲೊಂದು ತೊಡಕಿದೆ. ನೀರು, ಬಿಸಿಲು ಎರಡೂ ಇರುವ ತಿಂಗಳುಗಳಲ್ಲೇ ಕಾಫಿ ಕೊಯ್ಲು, ಅಡಿಕೆ ಸುಲಿತ, ಆಳು ಸಿಗುವುದಿಲ್ಲ. ಕೊಯ್ಲು ಮುಗಿದ ಮೇಲೆ ಹೊರಟರೆ ಹೂಮಳೆ ಬೀಳುವ ಭಯ. ಆದ್ದರಿಂದ ಇಟ್ಟಿಗೆ ಒತ್ತುವುದು ಮಾಡಿನ ಕೆಳಗೇ ಆಗಬೇಕು, ಒಟ್ಟಿದ್ದಕ್ಕೆ ತಾರ್ಪಾಲು ಸಿದ್ಧವಿರಬೇಕು. ಗೋಡೆಯ ಬುಡಕ್ಕೆ ಎರಡು ಅಡಿ ಕಲ್ಲಿನ ಕಟ್ಟೆ, ಮಾಡಿಗೆ ಎರಡೂವರೆ ಮೂರು ಅಡಿ ಚಾಚು ಬೇಕು. ಗಾಳಿಮಳೆ ಹೊಡೆಯುವ ಪಡುವಣ ಗೋಡೆಗೆ ಗಾರೆಯೂ ಅವಶ್ಯ. ಹಿಂದಿನವರು ಜಗಲಿಯ ಮೇಲೆ ಮಾಡನ್ನು ಅಷ್ಟು ತಗ್ಗಿಸಿ ಇಳಿಸಿದ್ದು ಸುಮ್ಮನೆ ಅಲ್ಲ.

ಮೊದಲು ಹತ್ತು ಇಟ್ಟಿಗೆ ಒತ್ತಿಸಿ, ಹದಗೊಂಡ ಮೇಲೆ ಒಂದು ದಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಡಿ. ಉಗುರಿನಿಂದ ಕೆರೆದರೆ ಅಂಚು ಏಳುವಂತಿದ್ದರೆ ಮಿಶ್ರಣ ಬದಲಿಸಬೇಕು. ಗಟ್ಟಿಯಿದ್ದರೆ ಎರಡು ಮೂರನ್ನು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗೆ ಕೊಟ್ಟು, ಐ.ಎಸ್. ೧೭೨೫ರ ಪ್ರಕಾರ ನೆನೆದ ಸ್ಥಿತಿಯ ಬಲವನ್ನು ನೋಡಿಸಿ; ಒಣ ಇಟ್ಟಿಗೆಯ ಬಲವನ್ನು ಹೇಳಿ ಮಾರುವವರ ಮಾತು ನಮ್ಮ ಮಳೆಗೆ ಸಲ್ಲದು. ಕೈಯಂತ್ರವನ್ನು ಒಬ್ಬೊಬ್ಬರೇ ಕೊಳ್ಳುವ ಅಗತ್ಯವಿಲ್ಲ. ಒಂದೇ ಯಂತ್ರವನ್ನು ಐದಾರು ಮನೆಯವರು ಸರದಿಯಲ್ಲಿ ಬಳಸಬಹುದು. ಸಂಘದಿಂದಲೇ ಒಂದನ್ನು ತರಿಸಿ ಬಾಡಿಗೆಗೆ ಕೊಡುವ ಮಾತನ್ನು ಮುಂದಿನ ಮಹಾಸಭೆಯಲ್ಲಿ ಎತ್ತಲಿದ್ದೇವೆ. ಕಟ್ಟಡದ ಯೋಚನೆಯುಳ್ಳ ಸದಸ್ಯರು ಬರುವಾಗ ತಮ್ಮ ಜಾಗದ, ಮೇಲ್ಮಣ್ಣಿನ ಕೆಳಗಿನ ಮಣ್ಣನ್ನು ಒಂದೊಂದು ಜಾಡಿ ತಂದರೆ ಅಲ್ಲಿಯೇ ಕುಲುಕಿ ನೋಡಬಹುದು.