ಕಿರಿಯರ ಕ್ರಿಕೆಟ್ಟು: ಅಂಕಿಗಳನ್ನು ಓದುವ ಬಗೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ತರಗತಿಗಳ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅವರೂ ಒಂದೇ ಬಗೆಯಲ್ಲಿ ಬರೆದು ಒಪ್ಪಿಸುತ್ತಾರೆ. ನಾನೂ ಒಂದೇ ಬಗೆಯಲ್ಲಿ ಅಂಕ ಹಾಕುತ್ತೇನೆ. ಆದರೆ ಈ ಗಾದೆ ಎಷ್ಟರಮಟ್ಟಿಗೆ ನಿಜ ಎಂಬ ಸಂದೇಹ ನನಗೆ ಹುಟ್ಟಿದ್ದು ಗ್ರಂಥಗಳಿಂದಲ್ಲ. ಕಿರಿಯರ ಕ್ರಿಕೆಟ್ ಪಂದ್ಯಗಳ ಅಂಕಪಟ್ಟಿಗಳಿಂದ.

ಸಾರಕ್ಕಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಆರು ಗಂಟೆಗೆ ನಿಂತವರಿಗೆ ಒಂದು ನೋಟ ತಪ್ಪುವುದಿಲ್ಲ. ತನ್ನ ಎತ್ತರಕ್ಕೆ ಸಮನಾದ ಚೀಲವನ್ನು ಹೆಗಲಿಗೇರಿಸಿಕೊಂಡ ಹುಡುಗನೊಬ್ಬ. ಪಕ್ಕದಲ್ಲಿ ನೀರಿನ ಸೀಸೆ ಹಿಡಿದ ತಂದೆಯೋ ತಾಯಿಯೋ. ಇಂಥ ಹುಡುಗರಲ್ಲಿ ಯಾರು ಮುಂದಕ್ಕೆ ಬಂದಾರು ಎಂದು ಊಹಿಸುತ್ತ ಅವರ ಆಟವನ್ನು ವರ್ಷಾನುಗಟ್ಟಲೆ ಹಿಂಬಾಲಿಸುವುದು ಒಂದು ಹವ್ಯಾಸ. ದೊಡ್ಡ ಪಂದ್ಯಗಳ ವಿವರಣೆಯನ್ನು ರೇಡಿಯೋದಲ್ಲಿ ಕೇಳುವ ತಮಗೆ ಈ ಹವ್ಯಾಸವನ್ನೂ ಪರಿಚಯ ಮಾಡಿಸೋಣವೆಂದು ಈ ಬರೆಹ.

ಅಮೆರಿಕದವರು ಬೇಸ್‌ಬಾಲಿನಲ್ಲಿ ಈ ಹವ್ಯಾಸವನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿ 30 ದೊಡ್ಡ ತಂಡಗಳ ಕೆಳಗೆ, 2021ರ ಪುನರ್ವ್ಯವಸ್ಥೆಯಿಂದೀಚೆಗೆ, 120 ಕಿರಿಯ ತಂಡಗಳು ನಾಲ್ಕು ದರ್ಜೆಗಳಲ್ಲಿ ಆಡುತ್ತವೆ. ಆಟಗಾರನು ಒಂದೊಂದೇ ಮೆಟ್ಟಿಲನ್ನು ಏರಬೇಕು. 2008ರಲ್ಲಿ ನಮ್ಮ ದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬಿಬ್ಬರನ್ನು ಪಿಟ್ಸ್‌ಬರ್ಗ್ ತಂಡ ಕರೆದುಕೊಂಡಿತು. ಇಬ್ಬರೂ ಕೆಳಗಿನ ಮೆಟ್ಟಿಲುಗಳಲ್ಲಿ ಆಡಿದರು. ಮುಖ್ಯ ತಂಡವನ್ನು ಇಬ್ಬರೂ ಮುಟ್ಟಲಿಲ್ಲ.

ನಮ್ಮಲ್ಲಿಯೂ ಮೆಟ್ಟಿಲುಗಳುಂಟು. ಶಾಲೆ, ಕ್ಲಬ್ಬು, ಲೀಗು ಇವು ತಳಪಾಯ. ಹದಿನಾರು ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, ಹತ್ತೊಂಬತ್ತರೊಳಗಿನವರಿಗೆ ಕೂಚ್ ಬೆಹಾರ್ ಟ್ರೋಫಿ, ಇಪ್ಪತ್ತಮೂರರೊಳಗಿನವರಿಗೆ ಕರ್ನಲ್ ಸಿ.ಕೆ. ನಾಯುಡು ಟ್ರೋಫಿ. ಇವೆಲ್ಲದರ ಮೇಲೆ ರಣಜಿ ಟ್ರೋಫಿ. ಅದರ ಮೊಟ್ಟಮೊದಲ ಪಂದ್ಯ 1934ರ ನವೆಂಬರಿನಲ್ಲಿ ಮದರಾಸಿನಲ್ಲಿ ನಡೆದಾಗ ಆಡಿದ ಎರಡು ತಂಡಗಳಲ್ಲಿ ನಮ್ಮ ಮೈಸೂರೂ ಒಂದು. ಆ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು, ಗೆದ್ದವರು ನಾವಲ್ಲ.

ಈಗ ಅಂಕಿಗಳಿಗೆ ಬರೋಣ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೂಚ್ ಬೆಹಾರ್ ಟ್ರೋಫಿಯ ಅಂತಿಮ ಪಂದ್ಯ. ಮುಂಬಯಿಯವರು 380 ರನ್ನುಗಳಿಗೆ ಆಟ ಮುಗಿಸಿದರು. ಉತ್ತರವಾಗಿ ಕರ್ನಾಟಕದ ಪ್ರಖರ್ ಚತುರ್ವೇದಿ ಅಜೇಯನಾಗಿ 404 ರನ್ನು ಹೊಡೆದ. ಈ ಟ್ರೋಫಿಯ ಅಂತಿಮ ಪಂದ್ಯದಲ್ಲಿ ನಾನೂರು ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ಕರ್ನಾಟಕ 8 ವಿಕೆಟ್ಟಿಗೆ 890 ಮಾಡಿ ಮೊದಲ ಬಾರಿಗೆ ಆ ಟ್ರೋಫಿಯನ್ನು ಗೆದ್ದಿತು. ಮರುದಿನ ಪತ್ರಿಕೆಗಳೆಲ್ಲ ಆ 404ನ್ನೇ ದಪ್ಪಕ್ಷರದಲ್ಲಿ ಅಚ್ಚುಮಾಡಿದವು.

ಆ ಒಂದು ಸಂಖ್ಯೆಯನ್ನು ಮಾತ್ರ ನೋಡಿ ತಾವು ಪತ್ರಿಕೆಯನ್ನು ಮಡಿಸಿದರೆ ಹವ್ಯಾಸಿಗಳಾಗಲಿಲ್ಲ. ಮೊದಲು ಎಸೆತಗಳನ್ನು ನೋಡಬೇಕು. ಆತ ಎದುರಿಸಿದ್ದು 638 ಎಸೆತ. ಎಂದರೆ ನೂರಕ್ಕೂ ಹೆಚ್ಚು ಓವರುಗಳಷ್ಟನ್ನು ಒಬ್ಬನೇ! ಬೌಂಡರಿಗಳು 46, ಸಿಕ್ಸರುಗಳು 3. ಕೂಡಿಸಿದರೆ 202. ಉಳಿದ ಅರ್ಧವನ್ನು ಓಡಿಯೇ ಗಳಿಸಿದ. ಹದಿಹರೆಯದ ದೇಹ ಅಷ್ಟು ಹೊತ್ತು ಬಿಸಿಲಿನಲ್ಲಿ ನಿಂತಿತು, ಮನಸ್ಸು ಚೆದರಲಿಲ್ಲ ಎಂಬುದು ಆ ಅಂಕಿ ಹೇಳುವ ನಿಜವಾದ ಸಂಗತಿ. ಇನ್ನೊಂದನ್ನೂ ನೋಡಬೇಕು. ನಾಲ್ಕು ದಿನಗಳ ಪಂದ್ಯ ತೀರ್ಮಾನವಾಗದೆ ಉಳಿದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೇ ಟ್ರೋಫಿ. ಆದ್ದರಿಂದ 381ನೆಯ ರನ್ನು ಬಂದ ಗಳಿಗೆಯಿಂದಲೇ ಭಾರ ಎದುರಾಳಿಗಳ ಮೇಲೆ ಬಿತ್ತು, ಬೌಲರುಗಳು ದಣಿದರು. ಆ ಗಳಿಗೆಗೆ ಮುಂಚೆ ಗಳಿಸಿದ ರನ್ನು, ಆಮೇಲಿನ ರನ್ನು ಎರಡಕ್ಕೂ ಒಂದೇ ತೂಕ ಕೊಡಲಾಗದು. ಇದು ಹುಡುಗನನ್ನು ಹಳಿಯುವ ಮಾತಲ್ಲ, ಅಳೆಯುವ ಮಾತು.

ಅದೇ ಪಂದ್ಯದಲ್ಲಿ ಸೋತ ಪಕ್ಷದ ಕಡೆ ಆಯುಷ್ ಮ್ಹಾತ್ರೆ ಎಂಬ ಹುಡುಗ 145 ಹೊಡೆದಿದ್ದ. ಅಂದು ಅವನನ್ನು ಕೇಳಿದವರು ಕಡಮೆ. ಆ ವರ್ಷವೇ ಅಕ್ಟೋಬರಿನಲ್ಲಿ ಮುಂಬಯಿಗಾಗಿ ರಣಜಿಯಲ್ಲಿ ಮಹಾರಾಷ್ಟ್ರದ ಮೇಲೆ 176 ಮಾಡಿದ; 2025ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ಹತ್ತೊಂಬತ್ತರೊಳಗಿನವರ ತಂಡಕ್ಕೆ ನಾಯಕನೂ ಆದ. ಹಾಗಾಗಿ ನಾನು ಅಂಕಪಟ್ಟಿಯನ್ನು ಓದುವಾಗ ಸೋತವರ ಪಟ್ಟಿಯಿಂದ ಮೊದಲುಮಾಡುತ್ತೇನೆ.

ಇದಕ್ಕೆ ಹಳೆಯದೊಂದು ದೃಷ್ಟಾಂತವುಂಟು. 1999ರ ಡಿಸೆಂಬರಿನಲ್ಲಿ ಜಮ್‌ಷೆಡ್‌ಪುರದಲ್ಲಿ ಇದೇ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಬಿಹಾರದ ತಂಡವೆಲ್ಲ ಸೇರಿ ಗಳಿಸಿದ್ದು 357. ಪಂಜಾಬಿನ ಯುವರಾಜ್ ಸಿಂಗ್ ಒಬ್ಬನೇ ಗಳಿಸಿದ್ದು 358! ಆ ಬಿಹಾರದ ಮೊತ್ತದಲ್ಲಿ 84 ರನ್ನು ಒಬ್ಬ ವಿಕೆಟ್ ಕೀಪರನದು. ಅವನ ಹೆಸರು ಮಹೇಂದ್ರಸಿಂಗ್ ಧೋನಿ. 2011ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡಕ್ಕೆ ನಾಯಕನಾದವನು 84ರವನು. ಅದೇ ತಂಡದಲ್ಲಿ ಅವನ ಕೈಕೆಳಗೆ ಆಡಿದವನು 358ರವನು.

ಮೊಳಕೆಯನ್ನು ಕಂಡು ಇದು ಯಾವ ಗಿಡವೆಂದೇ ತಪ್ಪು ತಿಳಿಯುವುದೂ ಉಂಟು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದ ಅನಿಲ್ ಕುಂಬ್ಳೆಯವರು 1990ರಲ್ಲಿ ಪಾಕಿಸ್ತಾನದ ಹತ್ತೊಂಬತ್ತರೊಳಗಿನವರ ಮೇಲೆ 113 ರನ್ನು ಹೊಡೆದಿದ್ದರು. ಆ ಪಟ್ಟಿಯನ್ನು ಮಾತ್ರ ನೋಡಿದವರು ಇವರನ್ನು ದಾಂಡಿಗರೆಂದೇ ಬರೆದಿಟ್ಟುಕೊಂಡಿರಬೇಕು. ಮುಂದೆ ಟೆಸ್ಟ್ ಪಂದ್ಯಗಳಲ್ಲಿ ಇವರು ತೆಗೆದದ್ದು 619 ವಿಕೆಟ್ಟು. ಟೆಸ್ಟಿನಲ್ಲಿ ಇವರ ಏಕೈಕ ಶತಕ ಬರಲು 2007ರ ಓವಲ್ ಪಂದ್ಯದವರೆಗೆ ಕಾಯಬೇಕಾಯಿತು.

ಕಾಯುವಿಕೆಯ ಮಾತು ಬಂದಿತು. ಈ ಹವ್ಯಾಸದಲ್ಲಿ ಅದೇ ಮುಕ್ಕಾಲು ಪಾಲು. ಭದ್ರಾವತಿಯ ಗುಂಡಪ್ಪ ವಿಶ್ವನಾಥರು 1967ರಲ್ಲಿ ಮೈಸೂರಿನ ಪರವಾಗಿ ಮೊದಲ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದರು. ಎರಡೇ ವರ್ಷಕ್ಕೆ ಟೆಸ್ಟಿಗೆ ಬಂದು, ಕಾನ್ಪುರದಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ರಾಹುಲ್ ದ್ರಾವಿಡರು 1991ರಲ್ಲಿ ಪುಣೆಯಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿ 82 ಮಾಡಿದರು. ಲಾರ್ಡ್ಸಿನಲ್ಲಿ 95 ಮಾಡಿದ್ದು 1996ರಲ್ಲಿ. ನಡುವಿನ ಐದು ವರ್ಷಗಳ ಸಣ್ಣಕ್ಷರದ ಅಂಕಪಟ್ಟಿಗಳನ್ನು ತಪ್ಪದೆ ಓದಿದವರಿಗೆ ಲಾರ್ಡ್ಸಿನ ಆ ದಿನ ಸಂತೋಷವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ. ಕರುಣ್ ನಾಯರ್ ಕತೆ ಇನ್ನೂ ವಿಚಿತ್ರ. 2015ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ಮೇಲೆ 328, 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಮೇಲೆ ಅಜೇಯ 303. ಮರುವರ್ಷವೇ ತಂಡದಿಂದ ಹೊರಗೆ. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ. ಎಂಟು ವರ್ಷ ಅಂಕಪಟ್ಟಿಯ ಮೂಲೆಯಲ್ಲಿ ಆ ಹೆಸರನ್ನು ಹುಡುಕುತ್ತಿದ್ದವರು ನಮ್ಮಲ್ಲಿ ಹಲವರಿದ್ದರು.

ಹೆಣ್ಣುಮಕ್ಕಳ ಪಟ್ಟಿಯನ್ನೂ ತಾವು ನೋಡಬೇಕು. 2025ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ಪನ್ನು ಗೆದ್ದ ಭಾರತ ತಂಡದ ನಾಯಕಿ ನಮ್ಮ ಕರ್ನಾಟಕದ ನಿಕಿ ಪ್ರಸಾದ್. ಅದಕ್ಕೆ ಮುಂಚೆ ಆಕೆಯ ಹೆಸರನ್ನು ಕೇಳಿದ್ದ ಮನೆಗಳು ಸಾರಕ್ಕಿಯಲ್ಲಿ ಎಷ್ಟಿದ್ದವೋ!

ಅಂಕಪಟ್ಟಿಯಲ್ಲಿ ಅಚ್ಚಾಗದ ಸಂಗತಿಯೊಂದುಂಟು, ಅದು ಪ್ರಾಯ. ಹದಿನೈದರ ಹುಡುಗರ ನಡುವೆ ಒಂದು ವರ್ಷ ದೊಡ್ಡವನು ಆಡಿದರೆ ಅವನ ಚೆಂಡಿಗೆ ವೇಗ ಹೆಚ್ಚು, ಹೊಡೆತಕ್ಕೆ ಬಲ ಹೆಚ್ಚು. ಸುಳ್ಳು ಜನನಪತ್ರಗಳ ಹಾವಳಿಯನ್ನು ತಡೆಯಲು ಹದಿನಾರರೊಳಗಿನ ಹುಡುಗರಿಗೆ ಎಡಗೈಯ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ಪ್ರಾಯವನ್ನು ಅಂದಾಜು ಮಾಡುವ ಪದ್ಧತಿ ಬಂದಿದೆ. ಪದ್ಧತಿ ಬೇಕಾದದ್ದೇ. ಆದರೆ ಅಂದಾಜು ಅಂದಾಜೇ. ಎಲ್ಲರ ಎಲುಬೂ ಪಂಚಾಂಗ ನೋಡಿಕೊಂಡು ಬೆಳೆಯುವುದಿಲ್ಲ. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬನದು ಮುಂದೆ, ಒಬ್ಬನದು ಹಿಂದೆ.

ನನ್ನ ತರಗತಿಯ ಹುಡುಗನೊಬ್ಬನಿಗೆ ಹೀಗಾಯಿತು. ಎಡಗೈ ಸ್ಪಿನ್ನರು, ಆಯ್ಕೆಯ ಹೊಸ್ತಿಲಲ್ಲಿದ್ದ. ಎಕ್ಸ್-ರೇಯಲ್ಲಿ ಪ್ರಾಯ ಮೀರಿದೆ ಎಂದು ಬಂದಿತು. ಅವನ ತಂದೆಗೆ ತರಕಾರಿ ವ್ಯಾಪಾರ. ಮರುದಿನ ಶಾಲೆಗೆ ಬಂದು, “ಮೇಷ್ಟ್ರೇ, ನನ್ನ ಮಗ ಹುಟ್ಟಿದ ದಿನ ನನಗೆ ಗೊತ್ತಿಲ್ಲವೇ? ಜನ ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ” ಎಂದರು. ದಾಖಲಾತಿ ಪುಸ್ತಕವನ್ನು ತೆಗೆಸಿ ನೋಡಿದೆ. ಒಂದನೆಯ ತರಗತಿಗೆ ಸೇರಿದಾಗ ಬರೆಸಿದ ತಾರೀಖು, ತಿದ್ದುಪಡಿಯಿಲ್ಲದೆ ಹಾಗೆಯೇ ಇತ್ತು. ಅದರ ಪ್ರತಿಯನ್ನು ಕೊಟ್ಟೆ. ಅದರಿಂದ ಆ ವರ್ಷದ ಆಯ್ಕೆಯೇನೂ ಬದಲಾಗಲಿಲ್ಲ. “ಆಟ ಬಿಡಿಸಿಬಿಡಲೇ?” ಎಂದು ಕೇಳಿದರು. ಎಸ್.ಎಸ್.ಎಲ್.ಸಿ. ಮುಗಿಯಲಿ, ಚೆಂಡನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ ಎಂದೆ.

ಹುಡುಗ ಪರೀಕ್ಷೆಯಲ್ಲಿ ತೇರ್ಗಡೆಯಾದ. ಈಗ ಲೀಗಿನ ಕೆಳಗಿನ ದರ್ಜೆಯ ಕ್ಲಬ್ಬೊಂದಕ್ಕೆ ಆಡುತ್ತಾನೆ. ಆ ಪಂದ್ಯಗಳು ಪತ್ರಿಕೆಗೆ ಬರುವುದಿಲ್ಲ. ತಂದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹೋದ ಭಾನುವಾರ ಅಂಗಡಿಯ ಮುಂದೆ ಅದನ್ನು ಬಿಡಿಸಿ ತೋರಿಸಿದರು: 10 ಓವರು, 2 ಮೇಡನ್, 31 ರನ್ನು, 3 ವಿಕೆಟ್ಟು. ಔಟಾದವರು ಎಷ್ಟನೆಯ ಕ್ರಮಾಂಕದವರು, ನೆಲ ಹೇಗಿತ್ತು ಎಂದು ಕೇಳಿದೆ. ಅದನ್ನೂ ಬರೆದುಕೊಂಡಿದ್ದರು.