ವಠಾರದ ಬಾಗಿಲಿಗೆ ಬರಬಾರದ ಪೆಟ್ಟಿಗೆ

ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲಿ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವ ವಾಡಿಕೆ ತಲೆಮಾರುಗಳಿಂದ ನಡೆದುಬಂದಿದ್ದು, ಅಡಿಕೆ ತೋಟಕ್ಕೆ ಇಳಿಯುವ ಮಂಗ ಮತ್ತು ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಸದ್ದಿನಿಂದ ಹೆದರಿಸಿ ಓಡಿಸಬೇಕಾದ ತೀರ್ಥಹಳ್ಳಿ, ಹೊಸನಗರ, ಸಾಗರದ ಒಂಟಿಮನೆಗಳಲ್ಲಿ ಅದು ಕತ್ತಿ, ಗುದ್ದಲಿಗಳಷ್ಟೇ ಸಹಜವಾದ ವಸ್ತುವಾಗಿದೆ. ಆದರೆ ಅದೇ ಮನೆತನದ ಮುಂದಿನ ತಲೆಮಾರು ನೌಕರಿಗಾಗಿಯೋ ಮಕ್ಕಳ ಓದಿಗಾಗಿಯೋ ಶಿವಮೊಗ್ಗ ನಗರದ ಫ್ಲಾಟಿಗೆ, ಇಲ್ಲವೆ ಭದ್ರಾವತಿಯ ಕ್ವಾರ್ಟರ್ಸಿಗೆ ಬಂದು ನೆಲೆಸಿದಾಗ, ಒಂದೇ ಮೆಟ್ಟಿಲು, ಒಂದೇ ಅಂಗಳ, ಒಂದೇ ಗೋಡೆಯನ್ನು ಹಲವು ಕುಟುಂಬಗಳು ಹಂಚಿಕೊಂಡಿರುವ ಆ ಕಟ್ಟಡದೊಳಕ್ಕೆ ಕೋವಿಯ ಜೊತೆಗೆ ಅದರ ಮದ್ದುಗುಂಡೂ ಬರುತ್ತದೆ. ಕೋವಿಯ ಬಗ್ಗೆ ಕಾನೂನು, ಠಾಣೆ, ಪತ್ರಿಕೆಗಳು ಸಾಕಷ್ಟು ಮಾತಾಡುತ್ತವೆ. ಮದ್ದುಗುಂಡಿನ ಪೆಟ್ಟಿಗೆ ಯಾರ ಕೈಯಿಂದ ಯಾರ ಕೈಗೆ ಹೇಗೆ ಬರಬೇಕು, ಅದರ ಮೇಲಿನ ಗುರುತು ಯಾರಿಗೆ ಏನನ್ನು ಹೇಳುತ್ತದೆ ಎಂಬ ವಿಚಾರ ಮಾತ್ರ ಹಿಂದೆ ಉಳಿಯುತ್ತದೆ.

ಮೊದಲು ವಸ್ತುವನ್ನೇ ನೋಡಬೇಕು. ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಕೆಯ ಬಾಯಿಂದ ಕರಿಮದ್ದು, ಚರೆಗಳನ್ನು ತುಂಬಿ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು ಕೇಪಿನ ಕೋವಿ. ಹಿಂಭಾಗದಲ್ಲಿ ಮಡಚಿ, ಸಿದ್ಧವಾದ ತೋಟಾ ಹಾಕಿ ಹೊಡೆಯುವುದು ತೋಟಾ ಕೋವಿ. ತೋಟಾ ಎಂದರೆ ಹೆಬ್ಬೆರಳಿಗಿಂತ ತುಸು ದಪ್ಪನೆಯ, ಕಾಗದದ ಅಥವಾ ಪ್ಲಾಸ್ಟಿಕ್ಕಿನ ಒಂದು ಕೊಳವೆ. ಅದರ ಬುಡಕ್ಕೆ ಹಿತ್ತಾಳೆ ಬಣ್ಣದ ಲೋಹದ ಟೊಪ್ಪಿಗೆ ಇದ್ದು, ಅದರ ನಟ್ಟನಡುವೆ ಕೋವಿಯ ಮೊಳೆ ಬಡಿದಾಗ ಕಿಡಿ ಕೊಡುವ ಕೇಪು ಕೂತಿರುತ್ತದೆ, ಅದರ ಮೇಲೆ ಮದ್ದು, ಮದ್ದಿನ ಮೇಲೆ ಬೆಣೆ, ಬೆಣೆಯ ಮೇಲೆ ಸೀಸದ ಚರೆ. ಬುಡದ ಲೋಹದ ಮೇಲೆ ಒತ್ತಿರುವ 12 ಎಂಬ ಅಂಕಿ ನಳಿಕೆಯ ಅಳತೆಯನ್ನು ತಿಳಿಸುವಂಥದ್ದು: ಆ ನಳಿಕೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು 12 ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂಬ ಹಳೆಯ ಲೆಕ್ಕ ಇದರ ಹಿಂದಿದೆ. ಇಂಥ ತೋಟಾಗಳನ್ನು ತಯಾರಿಸುವ ಭಾರತದ ಹಳೆಯ ಕೇಂದ್ರ ಪುಣೆಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆ. 2021ರ ಅಕ್ಟೋಬರ್‌ನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಆಡಳಿತಕ್ಕೆ ಸೇರಿದೆ.

ಕಾರ್ಖಾನೆಯಿಂದ ಹೊರಟ ಪೆಟ್ಟಿಗೆಯ ಮೇಲಿನ ಚೀಟಿಗೆ ಜಗತ್ತಿನಾದ್ಯಂತ ಒಂದೇ ಭಾಷೆ ಇದೆ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಸ್ಫೋಟಕಗಳೆಲ್ಲ ಒಂದನೆಯ ವರ್ಗಕ್ಕೆ ಸೇರುತ್ತವೆ. ಆ ವರ್ಗದೊಳಗೆ 1.1ರಿಂದ 1.6ರವರೆಗೆ ಆರು ವಿಭಾಗಗಳಿದ್ದು, ಇಡೀ ರಾಶಿ ಒಂದೇ ಕ್ಷಣದಲ್ಲಿ ಸಿಡಿಯಬಲ್ಲ ಸರಕು 1.1 ಎಂದೂ, ಸಿಡಿದರೂ ಹೆಚ್ಚಿನ ಹಾನಿ ಮಾಡದ ಸರಕು 1.4 ಎಂದೂ ಗುರುತಾಗುತ್ತದೆ. ಅಂಕಿಯ ಪಕ್ಕದಲ್ಲಿ ಬರೆಯುವ ಅಕ್ಷರ ಯಾವ ಸರಕನ್ನು ಯಾವುದರ ಜೊತೆ ಇಡಬಹುದು ಎಂಬುದನ್ನು ತಿಳಿಸುತ್ತದೆ. ಕೋವಿ, ಪಿಸ್ತೂಲುಗಳ ತೋಟಾಗಳಿಗೆ ವಿಶ್ವಸಂಸ್ಥೆಯ ಸಂಖ್ಯೆ 0012, ಗುರುತು 1.4ಎಸ್, ಇಲ್ಲಿ ಎಸ್ ಎಂಬ ಅಕ್ಷರಕ್ಕೆ, ಅಕಸ್ಮಾತ್ತಾಗಿ ಒಂದು ತೋಟಾ ಸಿಡಿದರೂ ಅದರ ಪರಿಣಾಮ ಪೆಟ್ಟಿಗೆಯೊಳಗೇ ಮುಗಿಯುವಂತೆ ಕಟ್ಟಲಾಗಿದೆ ಎಂಬ ಅರ್ಥವಿದೆ. ಭಾರತದ 2008ರ ಸ್ಫೋಟಕ ನಿಯಮಗಳು ಇದರ ಜೊತೆಗೆ ಬೇರೊಂದು ವಿಂಗಡಣೆಯನ್ನೂ ಇಟ್ಟುಕೊಂಡಿದ್ದು, ಅದರಲ್ಲಿ ಕರಿಮದ್ದು ಒಂದನೆಯ ವರ್ಗಕ್ಕೂ ಮದ್ದುಗುಂಡು ಆರನೆಯ ವರ್ಗಕ್ಕೂ ಪಟಾಕಿ ಏಳನೆಯ ವರ್ಗಕ್ಕೂ ಸೇರುತ್ತವೆ.

1.1 ಮತ್ತು 1.4 ಎಂಬ ಅಂಕಿಗಳ ನಡುವಣ ಅಂತರವನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಜನ ತಮ್ಮ ಮನೆಯ ಗೋಡೆ, ಕಿಟಕಿಗಳ ಮೂಲಕವೇ ಅರಿತಿದ್ದಾರೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ತಾಲ್ಲೂಕಿನ ಹುಣಸೋಡು ಬಳಿಯ ಕಲ್ಲು ಕ್ರಷರ್ ಪ್ರದೇಶದಲ್ಲಿ, ಕ್ವಾರಿ ಕೆಲಸದ ಸ್ಫೋಟಕಗಳನ್ನು ಹೊತ್ತು ಬಂದಿದ್ದ ವಾಹನ ಸಿಡಿದು ಕನಿಷ್ಠ ಐದು ಮಂದಿ ಸತ್ತರು. ಶಿವಮೊಗ್ಗ, ಭದ್ರಾವತಿಗಳಲ್ಲಷ್ಟೇ ಅಲ್ಲದೆ ನೆರೆಯ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲೂ ನೆಲ ಅದುರಿ, ಭೂಕಂಪವೇ ಆಯಿತೆಂದು ಜನ ಬೀದಿಗೆ ಓಡಿಬಂದರು. ಬಂಡೆ ಒಡೆಯಲು ಬಳಸುವ ಜಿಲೆಟಿನ್ ಕಡ್ಡಿಯ ಗುರುತು 1.1ಡಿ, ಅದನ್ನು ಸಿಡಿಸುವ ಡಿಟೋನೇಟರಿನ ಸಾಮಾನ್ಯ ಗುರುತು 1.1ಬಿ, ಎರಡೂ ಒಂದೇ ಅಂಕಿಯವಾದರೂ ಅಕ್ಷರ ಬೇರೆ ಬೇರೆ, ಅಂದರೆ ಒಂದರ ಪೆಟ್ಟಿಗೆಯನ್ನು ಇನ್ನೊಂದರ ಪೆಟ್ಟಿಗೆಯೊಡನೆ ಮನಸ್ಸಿಗೆ ಬಂದಂತೆ ಪೇರಿಸಬಾರದು ಎಂದು ಆ ಚೀಟಿಯೇ ಹೇಳುತ್ತಿರುತ್ತದೆ. ಹುಣಸೋಡಿನ ದುರಂತ ನಡೆದು ಒಂದು ತಿಂಗಳು ಕಳೆದ ಬೆನ್ನಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಚೀಟಿಯನ್ನು ಬರೆಯುವ ಕಾಯಿದೆ ಈ ನಾಡಿನಲ್ಲಿ ಇದ್ದೇ ಇದೆ, ಅದನ್ನು ಓದಿ ಅದರಂತೆ ನಡೆಯುವ ಶಿಸ್ತು ಕ್ವಾರಿಯ ದಾರಿಯುದ್ದಕ್ಕೂ ಸಡಿಲವಾಗಿತ್ತು ಎಂದು ನೋವಿನಿಂದಲೇ ಹೇಳಬೇಕಾಗುತ್ತದೆ.

ಹಾಗೆಂದು ತೋಟಾ ಪೆಟ್ಟಿಗೆಯನ್ನು ಜಿಲೆಟಿನ್ ಪೆಟ್ಟಿಗೆಯಂತೆ ಭಾವಿಸಿ ಬೆದರುವುದೂ ಸರಿಯಲ್ಲ. ತೋಟಾದ ಬಲವೆಲ್ಲ ಇರುವುದು ನಳಿಕೆಯ ಬಿಗಿಯಲ್ಲಿ. ನಳಿಕೆಯ ಹೊರಗೆ ಬೆಂಕಿಗೆ ಸಿಕ್ಕ ತೋಟಾದ ಕೊಳವೆ ಹರಿದು, ಅನಿಲ ನಾನಾ ದಿಕ್ಕಿಗೆ ಚದುರಿಹೋಗುವುದರಿಂದ ಚರೆಗೆ ಕೊಲ್ಲುವ ವೇಗ ಸಿಗುವುದಿಲ್ಲ, ಕೇಪು ಮತ್ತು ಲೋಹದ ಚೂರುಗಳು ಹಾರಿ ಹತ್ತಿರದಲ್ಲಿದ್ದವರ ಕಣ್ಣು, ಚರ್ಮಕ್ಕೆ ಗಾಯ ಮಾಡಬಲ್ಲವು. ಅಗ್ನಿಶಾಮಕ ಸಿಬ್ಬಂದಿಗೆ ಯಾವ ಕೋಣೆಯಲ್ಲಿ ತೋಟಾ ಇದೆ ಎಂಬುದು ಮೊದಲೇ ತಿಳಿದಿದ್ದರೆ ಅವರು ಅದಕ್ಕೆ ತಕ್ಕ ಎಚ್ಚರಿಕೆಯಿಂದ ಒಳಹೋಗಬಲ್ಲರು. ಕೇಪಿನ ಕೋವಿಯ ಬಿಡಿ ಕರಿಮದ್ದಿನ ಮಾತು ಮಾತ್ರ ಸಂಪೂರ್ಣ ಬೇರೆ: ಡಬ್ಬಿಯಲ್ಲಿ ಒತ್ತಿಟ್ಟ ಕರಿಮದ್ದಿಗೆ ಒಂದು ಕಿಡಿ ತಗುಲಿದರೆ ಅಷ್ಟೂ ಮದ್ದು ಒಟ್ಟಿಗೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅಡುಗೆಮನೆಯೂ ಮಲಗುವ ಕೋಣೆಯೂ ಮೂರು ಹೆಜ್ಜೆ ಅಂತರದಲ್ಲಿರುವ ವಠಾರದ ಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಇನ್ನು ಪೆಟ್ಟಿಗೆ ಮನೆ ಸೇರುವ ದಾರಿಯ ಮಾತಿಗೆ ಬಂದರೆ, ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕಾಣುವ ಪರಿಸ್ಥಿತಿ ಶಿವಮೊಗ್ಗದ್ದಕ್ಕಿಂತ ತೀರಾ ಭಿನ್ನ. ಅಲ್ಲಿನ ಅನೇಕ ರಾಜ್ಯಗಳಲ್ಲಿ ತೋಟಾಗಳನ್ನು ಖಾಸಗಿ ಕೊರಿಯರ್ ಮೂಲಕ ನೇರವಾಗಿ ಮನೆಗೆ ತರಿಸಿಕೊಳ್ಳಬಹುದಾದ್ದರಿಂದ, ಅಪಾರ್ಟ್‌ಮೆಂಟಿನ ಪಡಸಾಲೆಯಲ್ಲಿ ಇತರರ ಬಟ್ಟೆ, ಪುಸ್ತಕಗಳ ಜೊತೆಗೆ ಆ ಪೆಟ್ಟಿಗೆಯೂ ಕೂತಿರುತ್ತದೆ. ಹಿಂದೆ ಅದರ ಮೇಲೆ ಓಆರ್‌ಎಂ-ಡಿ ಎಂಬ ಅಕ್ಷರಗಳಿರುತ್ತಿದ್ದವು. 2021ರ ಜನವರಿ 1ರಿಂದ ಆ ಗುರುತು ರದ್ದಾಗಿ, ಮೇಲಿನ ಮತ್ತು ಕೆಳಗಿನ ಮೂಲೆ ಕಪ್ಪಾಗಿ ನಡುಭಾಗ ಬಿಳಿಯಾಗಿರುವ, ಒಂದೂ ಅಕ್ಷರವಿಲ್ಲದ ವಜ್ರಾಕಾರದ ಚಿಹ್ನೆ ಬಳಕೆಯಲ್ಲಿದೆ. ಸ್ವಲ್ಪ ಪ್ರಮಾಣದ ಅಪಾಯಕಾರಿ ಸರಕು ಎಂಬುದಷ್ಟೇ ಅದರ ಸೂಚನೆ. ಉಗುರುಬಣ್ಣವಿರುವ ಪೆಟ್ಟಿಗೆಯ ಮೇಲೂ ಅದೇ ಚಿಹ್ನೆ ಇರಬಹುದು. ಗುರುತು ಇರುವುದು ಹಮಾಲರಿಗಾಗಿ, ಚಾಲಕರಿಗಾಗಿ, ಬೆಂಕಿ ಆರಿಸುವವರಿಗಾಗಿ. ಪಕ್ಕದ ಮನೆಯವರಿಗೆ ಒಳಗಿರುವುದು ಏನೆಂದು ಸಾರುವುದಕ್ಕಲ್ಲ, ಸಾರಿದರೆ ಕಳ್ಳರಿಗೂ ದಾರಿ ತೋರಿದಂತಾಗುತ್ತದೆ. ಅಲ್ಲಿನ ಸರ್ಕಾರಿ ಅಂಚೆ ಇಲಾಖೆ ತೋಟಾಗಳನ್ನು ಸ್ವೀಕರಿಸುವುದೇ ಇಲ್ಲ, ಕ್ಯಾಲಿಫೋರ್ನಿಯಾ ರಾಜ್ಯವಂತೂ 2018ರ ಜನವರಿಯಿಂದ ಪರವಾನಗಿ ಇರುವ ವ್ಯಾಪಾರಿಯ ಅಂಗಡಿಯ ಮೂಲಕವೇ ಅವು ಗ್ರಾಹಕರ ಕೈಸೇರಬೇಕೆಂಬ ಕಾನೂನನ್ನು ಜಾರಿಗೆ ತಂದಿತು.

ತೋಟಾ ಮನೆ ಬಾಗಿಲಿಗೆ ಬರಬಹುದೇ ಎಂಬ ಪ್ರಶ್ನೆಯನ್ನು ಭಾರತದ ಕಾನೂನು ಬುಡದಲ್ಲೇ ಬಗೆಹರಿಸಿದೆ. 1959ರ ಆಯುಧ ಕಾಯಿದೆಯ 3ನೆಯ ಕಲಮಿನ ಪ್ರಕಾರ ಬಂದೂಕಿಗಷ್ಟೇ ಅಲ್ಲ, ಮದ್ದುಗುಂಡಿಗೂ ಪರವಾನಗಿ ಬೇಕು. ಪೊಲೀಸ್ ಕಮಿಷನರೇಟ್ ಇಲ್ಲದ ಶಿವಮೊಗ್ಗದಂಥ ಜಿಲ್ಲೆಯಲ್ಲಿ ಅದನ್ನು ಕೊಡುವವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗಳು. ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ವ್ಯಾಪಾರಿ ಪರವಾನಗಿ ಪುಸ್ತಕವನ್ನು ನೋಡಿ, ಮಾರಿದ್ದನ್ನು ಅದರಲ್ಲೂ ತನ್ನ ರಿಜಿಸ್ಟರಿನಲ್ಲೂ ಬರೆದು ಸರಕು ಕೊಡುತ್ತಾನೆ. ಸ್ಫೋಟಕ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವುದಕ್ಕೆ 1898ರ ಅಂಚೆ ಕಾಯಿದೆಯ ಕಾಲದಿಂದಲೇ ನಿಷೇಧವಿದೆ. ಪಟಾಕಿಯ ವಿಷಯದಲ್ಲೂ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಆನ್‌ಲೈನ್ ಮಾರಾಟವನ್ನು ತಡೆದಿದ್ದು, ಬೆಂಕಿಯ ಸರಕು ಅಪರಿಚಿತ ಕೈಗಳ ಮೂಲಕ ಮನೆ ಬಾಗಿಲಿಗೆ ಬರಬಾರದೆಂಬ ನಿಲುವು ಅಲ್ಲೂ ಕಾಣುತ್ತದೆ.

ಹಂಚಿಕೊಂಡು ಬಾಳುವ ಕಟ್ಟಡಕ್ಕೆ ಸಂಬಂಧಿಸಿದಂತೆ ಈ ಕಾನೂನಿನ ಹುರುಳು ಇರುವುದು, ಪರವಾನಗಿ ವ್ಯಕ್ತಿಯ ಹೆಸರಿಗೆ ಇದೆಯೇ ಹೊರತು ಮನೆಗೆ ಇಲ್ಲ ಎಂಬಲ್ಲಿ. ಪರವಾನಗಿ ಇಲ್ಲದವರು ತೋಟಾವನ್ನು ಮುಟ್ಟಿ ಒಯ್ಯಬೇಕಾದರೆ ಅದು ಪರವಾನಗಿದಾರನ ಎದುರಿನಲ್ಲಿ, ಇಲ್ಲವೆ ಅವನ ಲಿಖಿತ ಒಪ್ಪಿಗೆಯ ಮೇಲೆ, ಅದೂ ದುರಸ್ತಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಅಥವಾ ಆತನದೇ ಬಳಕೆಗಾಗಿ ಮಾತ್ರ ಎಂದು 3ನೆಯ ಕಲಮು ಹೇಳುತ್ತದೆ. ಹೀಗಿರುವಾಗ ಗೇಟಿನ ಕಾವಲುಗಾರ ತನ್ನ ಮೇಜಿನಡಿ ಎತ್ತಿಟ್ಟುಕೊಂಡ ಪೆಟ್ಟಿಗೆ, ಎದುರು ಮನೆಯವರು ‘ಅವರು ಊರಲ್ಲಿಲ್ಲ, ಬಂದ ಮೇಲೆ ಕೊಡ್ತೀವಿ’ ಎಂದು ಸಹಿ ಹಾಕಿ ಪಡೆದ ಪೆಟ್ಟಿಗೆ, ನಂಬಿಕೆಯಿಂದ ಮಾಡಿದ ಉಪಕಾರವಾದರೂ, ಅದರಲ್ಲಿ ತೋಟಾ ಇದ್ದರೆ ಆ ಅಮಾಯಕರನ್ನು ತನಿಖೆಯ ಬಾಯಿಗೆ ತಳ್ಳಬಲ್ಲದು. 2019ರ ತಿದ್ದುಪಡಿಯ ಬಳಿಕ ಪರವಾನಗಿಯಿಲ್ಲದೆ ಸಾಮಾನ್ಯ ಬಂದೂಕನ್ನೋ ಮದ್ದುಗುಂಡನ್ನೋ ಇಟ್ಟುಕೊಂಡವರಿಗೆ ಎರಡರಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಸ್ತು ತನ್ನಲ್ಲಿದೆ ಎಂಬ ಅರಿವಿಲ್ಲದೆ ಕಾನೂನಿನ ಅರ್ಥದ ಸ್ವಾಧೀನ ಉಂಟಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿ ತಿಳಿಸಿದ್ದು ನಿಜ. ಆದರೆ ಆ ಅರಿವು ಇರಲಿಲ್ಲವೆಂದು ನ್ಯಾಯಾಲಯಕ್ಕೆ ಮನಗಾಣಿಸುವವರೆಗೆ ತಿಂಗಳ ಸಂಬಳದ ಕಾವಲುಗಾರನೊಬ್ಬ ಅನುಭವಿಸಬೇಕಾದ ಪಾಡನ್ನು ಆ ತೀರ್ಪು ಅಳಿಸಲಾರದು. ಒಂದು ಕಟ್ಟಡದಲ್ಲಿ ತೋಟಾದಿಂದ ಬರಬಹುದಾದ ನಿಜವಾದ ಅಪಾಯ ಸಿಡಿತಕ್ಕಿಂತ ಹೆಚ್ಚಾಗಿ ಹೀಗೆ ಕೈ ತಪ್ಪುವುದರಲ್ಲಿದೆ.

ಶಿವಮೊಗ್ಗದ ಫ್ಲಾಟುಗಳಿಗೆ ಕೊರಿಯರಿನಲ್ಲಿ ಕಾನೂನುಬದ್ಧವಾಗಿ ಬರಬಹುದಾದದ್ದು ಏರ್‌ಗನ್ನಿನ ಚರೆ. ಒತ್ತಿದ ಗಾಳಿಯ ಬಲದಿಂದ ಹಾರುವ, 4.5 ಮಿಲಿಮೀಟರ್ ವ್ಯಾಸದ ಈ ಸೀಸದ ಚರೆಯಲ್ಲಿ ಮದ್ದೂ ಇಲ್ಲ, ಕೇಪೂ ಇಲ್ಲ. ಹತ್ತು ಮೀಟರ್ ಗುರಿ ಸ್ಪರ್ಧೆಗೆ ತಯಾರಾಗುವ ವಿದ್ಯಾರ್ಥಿಗಳು ಬಳಸುವುದು ಇದನ್ನೇ. ಮಕ್ಕಳ ಬಾಯಿಗೆ ಸೀಸ ಹೋಗದಂತೆ ನೋಡಿಕೊಳ್ಳುವುದು ಮತ್ತು ಅದರಿಂದ ಹಕ್ಕಿಗಳಿಗೆ ಗುರಿಯಿಡದಿರುವುದು, ಈ ಎರಡರಲ್ಲಿ ಮನೆಯ ಹಿರಿಯರು ಕಟ್ಟುನಿಟ್ಟಾಗಿರಬೇಕು.

ತೋಟಾ ಮಾತ್ರ ಪರವಾನಗಿದಾರನ ಕೈಯಲ್ಲೇ ಬರಬೇಕು. ವಿಮಾನದಲ್ಲೂ ಅದಕ್ಕೆ ಅವಕಾಶವಿದ್ದು, ಮುಂಚಿತವಾಗಿ ತಿಳಿಸಿ ಅನುಮತಿ ಪಡೆದರೆ, ಭದ್ರವಾಗಿ ಕಟ್ಟಿದ 1.4ಎಸ್ ಗುರುತಿನ ತೋಟಾಗಳನ್ನು ಪ್ರಯಾಣಿಕರೊಬ್ಬರು ಐದು ಕಿಲೋ ತೂಕದ ಮಿತಿಯೊಳಗೆ, ಕೈಚೀಲದಲ್ಲಲ್ಲದೆ ಒಪ್ಪಿಸುವ ಸಾಮಾನಿನಲ್ಲಿ ಒಯ್ಯಬಹುದೆಂಬುದು ಅಂತರರಾಷ್ಟ್ರೀಯ ನಿಯಮ. ಮನೆಗೆ ತಂದ ಮೇಲಿನ ಹೊಣೆಯನ್ನು 2016ರ ಆಯುಧ ನಿಯಮಗಳು ಪರವಾನಗಿದಾರನ ಮೇಲೆಯೇ ಹೊರಿಸಿ, ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬರೆಸಿಕೊಳ್ಳುತ್ತವೆ. ಫ್ಲಾಟಿನಲ್ಲಿ ಅದರ ಅರ್ಥ, ಗೋಡೆಗೆ ಬಿಗಿದ ಕಬ್ಬಿಣದ ಬೀರುವಿನಲ್ಲಿ ಕೋವಿಯನ್ನೂ, ಬೇರೆ ಬೀಗದ ಖಾನೆಯಲ್ಲಿ ತೋಟಾವನ್ನೂ ಇಟ್ಟು, ಬೀಗದ ಕೈಯನ್ನು ತಾನೇ ಇಟ್ಟುಕೊಳ್ಳುವುದು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಪ್ರಕಾರ ಮೆಟ್ಟಿಲು, ಪಡಸಾಲೆ, ನೆಲಮಾಳಿಗೆಗಳು ಎಲ್ಲರಿಗೂ ಸೇರಿದ ಜಾಗಗಳಾದ್ದರಿಂದ ಮೆಟ್ಟಿಲ ಕೆಳಗಿನ ಗೂಡಾಗಲಿ ಮೀಟರ್ ಪೆಟ್ಟಿಗೆಯ ಮೂಲೆಯಾಗಲಿ ಇದಕ್ಕೆ ತಕ್ಕ ಜಾಗವಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಮಲೆನಾಡಿನ ಕುಟುಂಬಗಳಲ್ಲಿ ತೋಟಾ ಗುರುತಿಲ್ಲದೆ ಪಟ್ಟಣ ಸೇರುವ ಒಂದು ದಾರಿ ಇದೆ, ಅದರ ಬಗ್ಗೆ ಹೆಚ್ಚಿನ ಕಾಳಜಿ ಬೇಕು. ಹಿರಿಯರು ತೀರಿಕೊಂಡ ಬಳಿಕ ಹಳೆಯ ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಲಾರಿಗೆ ಹೇರಿ ಶಿವಮೊಗ್ಗಕ್ಕೋ ಭದ್ರಾವತಿಗೋ ಸಾಗಿಸುವಾಗ, ಟ್ರಂಕಿನ ತಳದಲ್ಲಿ ಪಂಚೆ, ಪಹಣಿ ಪತ್ರಗಳ ಕೆಳಗೆ ಹತ್ತಾರು ಮಳೆಗಾಲದ ತೇವ ಕುಡಿದು ಉಬ್ಬಿದ ಕಾಗದದ ತೋಟಾಗಳು ಉಳಿದಿರುತ್ತವೆ. ಬುಡದ ಲೋಹಕ್ಕೆ ಹಸಿರು ಕಿಲುಬು ಹತ್ತಿ ಅಕ್ಷರ ಮಾಸಿರುತ್ತದೆ, ಮೂಲ ಪೆಟ್ಟಿಗೆ ಎಂದೋ ಕಳೆದುಹೋಗಿರುತ್ತದೆ. ಪರವಾನಗಿದಾರ ತೀರಿಕೊಂಡ ಮೇಲೆ ವಾರಸುದಾರರು ಅವನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಕಾಯಿದೆಯ 21ನೆಯ ಕಲಮು ಹೇಳುತ್ತದೆ. ಕೋವಿಯನ್ನು ಮನೆತನದಲ್ಲೇ ಉಳಿಸಿಕೊಳ್ಳುವ ಆಸೆಯಿದ್ದವರಿಗೆ 2016ರ ನಿಯಮಗಳು ದಾರಿ ಬಿಟ್ಟಿವೆ: ಹಿರಿಯರ ಮರಣದ ಬಳಿಕವಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಅವರು ಸೂಚಿಸಿದ ವಾರಸುದಾರರ ಹೆಸರಿಗೆ ಪರವಾನಗಿಗೆ ಅರ್ಜಿ ಹಾಕಬಹುದು. ಕಿಲುಬು ಹಿಡಿದ ತೋಟಾವನ್ನು ಬಿಚ್ಚಿ ನೋಡುವುದು, ತುಂಗೆಗೋ ಭದ್ರೆಗೋ ಎಸೆಯುವುದು, ಕಸದ ಗಾಡಿಗೆ ಹಾಕುವುದು, ಈ ಮೂರೂ ಮಾಡಬಾರದ ಕೆಲಸಗಳು. ಅದನ್ನು ಇದ್ದಲ್ಲೇ ಬಿಟ್ಟು, ಮಕ್ಕಳನ್ನು ಆ ಕೋಣೆಯಿಂದ ದೂರವಿರಿಸಿ, ಸಾಮಾನು ಲಾರಿಗೆ ಏರುವ ಮೊದಲೇ ಆ ಊರಿನ ಠಾಣೆಗೆ ತಿಳಿಸಿದರೆ, ಪೊಲೀಸರು ಬಂದು ಪಟ್ಟಿ ಮಾಡಿ ಸ್ವೀಕೃತಿ ಬರೆದುಕೊಡುತ್ತಾರೆ. ಆ ಸ್ವೀಕೃತಿ ಚೀಟಿಯನ್ನು ಹಳೆಯ ಪರವಾನಗಿ ಪುಸ್ತಕದ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಬೇಕು.