ಬ್ರಿಜ್ ಆಟ: ಗುಟ್ಟಾಗಿರಬಾರದ ಗುಟ್ಟಿನ ಭಾಷೆ

ಇಸ್ಪೀಟು ಮೇಜಿನ ಸುತ್ತ ನಾಲ್ವರು ಕುಳಿತಿದ್ದಾರೆ. ಎದುರುಬದುರಾಗಿ ಕುಳಿತವರು ಜೊತೆಗಾರರು. ಒಬ್ಬೊಬ್ಬರ ಕೈಯಲ್ಲೂ 13 ಎಲೆಗಳು. ಅವರಲ್ಲೊಬ್ಬನು ‘ಒಂದು ಕಳಾವರ್’ ಎಂದು ಕೂಗುತ್ತಾನೆ. ಅವನಲ್ಲಿರುವ ಕಳಾವರ್ ಎಲೆಗಳಾದರೋ ಎರಡೇ! ಇದು ಮೋಸವಲ್ಲವೇ? ಅಲ್ಲ. ಏಕೆಂದರೆ ಅವನ ಜೊತೆಗಾರನು ಆ ಕೂಡಲೇ ‘ಅಲರ್ಟ್’ ಎಂದು ಎದುರಾಳಿಗಳನ್ನು ಎಚ್ಚರಿಸುತ್ತಾನೆ. ಮೋಸವಾಗಬಹುದಾಗಿದ್ದುದು ಆ ಒಂದು ಮಾತಿನಿಂದ ನ್ಯಾಯವಾದ ಆಟವಾಗುತ್ತದೆ.

ಬ್ರಿಜ್ ಆಟದಲ್ಲಿ ಎಲೆ ಇಳಿಯುವುದಕ್ಕೆ ಮೊದಲು ಹರಾಜು ನಡೆಯುತ್ತದೆ. ಜೊತೆಗಾರರು ತಮ್ಮ ಕೈಯ ಬಲಾಬಲವನ್ನು ಪರಸ್ಪರ ತಿಳಿಸಲು ಈ ಕೂಗುಗಳಲ್ಲದೆ ಬೇರೆ ಮಾತಿಲ್ಲ. ಆದುದರಿಂದ ಕೂಗಿಗೆ ವಿಶೇಷಾರ್ಥ ಕೊಡುವುದು ಆಟದೊಡನೆಯೇ ಬೆಳೆದುಬಂದಿತು. 1925ರಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಹಡಗಿನಲ್ಲಿ ಪಯಣಿಸುತ್ತ ಕಾಂಟ್ರ್ಯಾಕ್ಟ್ ಬ್ರಿಜ್‌ನ ಅಂಕಪದ್ಧತಿಯನ್ನು ರೂಪಿಸಿದ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟರೇ ‘ಒಂದು ಕಳಾವರ್’ ಎಂಬ ಕೂಗಿಗೆ ‘ನನ್ನ ಕೈ ಬಲವಾಗಿದೆ’ ಎಂಬ ಅರ್ಥವನ್ನು ಕೊಟ್ಟರು.

ಇಂತಹ ಒಪ್ಪಂದಗಳಿಗೆ ಅಡ್ಡಿಯಿಲ್ಲ. ಆದರೆ ಅವನ್ನು ಎದುರಾಳಿಗಳಿಂದ ಮರೆಮಾಚುವಂತಿಲ್ಲ. ಎಚ್ಚರಿಕೆಯನ್ನು ಕೂಗಿದವನು ಕೊಡುವುದಿಲ್ಲ, ಅವನ ಜೊತೆಗಾರನು ಕೊಡುತ್ತಾನೆ. ಕೂಗಿದವನೇ ಅರ್ಥ ಹೇಳಹೊರಟರೆ ಜೊತೆಗಾರನಿಗೆ ತನ್ನ ಕೈಯನ್ನೇ ವರ್ಣಿಸಿದಂತಾಗುವುದಲ್ಲವೇ? ಎದುರಾಳಿಯು ತನ್ನ ಸರದಿ ಬಂದಾಗ ಅರ್ಥ ಕೇಳಬಹುದು. ಪೂರ್ಣ ಉತ್ತರ ಕೊಡುವುದು ಕರ್ತವ್ಯ.

ಪದೇ ಪದೇ ಬರುವ ಕೆಲವು ಕೂಗುಗಳಿಗೆ ಪ್ರಶ್ನೆಯೂ ಬೇಕಿಲ್ಲ. ಅರ್ಥವನ್ನು ನೇರವಾಗಿ ಘೋಷಿಸುತ್ತಾರೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬುದು ಎಲ್ಲರೂ ಬಲ್ಲ ಲೆಕ್ಕ. ಇಂಗ್ಲೆಂಡಿನಲ್ಲಿ ಒಬ್ಬನು ‘ಒಂದು ನೋಟ್ರಂಪ್’ ಎಂದರೆ ಜೊತೆಗಾರನು ತಮ್ಮ ಒಪ್ಪಂದದಂತೆ ‘15ರಿಂದ 17’ ಎಂದು ಸಾರುತ್ತಾನೆ. ಅದಕ್ಕುತ್ತರವಾದ ‘ಎರಡು ಡೈಮಂಡ್’ ಆಟೀನು ಎಲೆಗಳನ್ನು ಸೂಚಿಸುವುದಾದರೆ ‘ಆಟೀನು’ ಎಂದು ಹೇಳಿಬಿಡುತ್ತಾರೆ.

ನಿಜವಾದ ಪರೀಕ್ಷೆ ಬರುವುದು ಜೊತೆಗಾರನು ಮರೆತು ತಪ್ಪು ಅರ್ಥ ಹೇಳಿದಾಗ. ಕೂಗಿದವನು ಮುಖದಲ್ಲಿ ಒಂದು ಗೆರೆಯನ್ನೂ ತೋರದೆ, ಆ ಮಾತು ಕಿವಿಗೆ ಬೀಳಲೇ ಇಲ್ಲವೆಂಬಂತೆ ಆಡಬೇಕು. ಹರಾಜು ತನ್ನ ಪಕ್ಷಕ್ಕೆ ದಕ್ಕಿದರೆ, ಮೊದಲ ಎಲೆ ಇಳಿಯುವ ಮುನ್ನ ತಾನಾಗಿ ತೀರ್ಪುಗಾರರನ್ನು ಕರೆದು ತಪ್ಪನ್ನು ತಿದ್ದಬೇಕು. ಎದುರು ಪಕ್ಷಕ್ಕೆ ದಕ್ಕಿದರೆ ಆ ಕೈ ಮುಗಿಯುವವರೆಗೆ ಕಾಯಬೇಕು. ಅದರಿಂದ ಸೋಲು ಬಂದರೂ ಸರಿಯೇ.

ಇಷ್ಟು ಕಟ್ಟುನಿಟ್ಟೇಕೆ? 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಪಂದ್ಯದಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಪೀರೊ ಎಲೆ ಹಿಡಿದ ಬೆರಳುಗಳಿಂದ ಆಟೀನುಗಳ ಸಂಖ್ಯೆಯನ್ನು ಸೂಚಿಸುತ್ತಿದ್ದರೆಂಬ ಆರೋಪವೆದ್ದಿತು. ಪಂದ್ಯದ ಅಧಿಕಾರಿಗಳು ಅವರನ್ನು ದೋಷಿಗಳೆಂದರು. 1966ರಲ್ಲಿ ಬ್ರಿಟನ್ನಿನ ವಿಚಾರಣೆಯು ದೋಷ ಸಿದ್ಧವಾಗಲಿಲ್ಲವೆಂದಿತು. ಇಬ್ಬರೂ ಕಾಲವಾದರು, ವಿವಾದ ಮಾತ್ರ ಉಳಿಯಿತು. 1975ರ ಬರ್ಮುಡಾ ಪಂದ್ಯದಲ್ಲಿ ಜೊತೆಗಾರರ ನಡುವೆ ತೆರೆ ಕಟ್ಟಿದರು. ಆಗ ಇಟಲಿಯ ಜೋಡಿಯೊಂದು ಮೇಜಿನ ಕೆಳಗೆ ಕಾಲು ಆಡಿಸಿದುದಕ್ಕಾಗಿ ಛೀಮಾರಿಗೆ ಗುರಿಯಾಯಿತು!

ಇಂದು ದೊಡ್ಡ ಪಂದ್ಯಗಳಲ್ಲಿ ತೆರೆಯ ಒಂದೊಂದು ಬದಿಯಲ್ಲೂ ಒಬ್ಬೊಬ್ಬ ಎದುರಾಳಿ ಕೂರುತ್ತಾನೆ. ಅಲ್ಲಿ ಕೂಗಿದವನೂ ತನ್ನ ಪಕ್ಕದ ಎದುರಾಳಿಯನ್ನು ಎಚ್ಚರಿಸಿ, ಅರ್ಥವನ್ನು ಬರೆದು ತಿಳಿಸುತ್ತಾನೆ, ಜೊತೆಗಾರನಿಗೆ ಕಾಣುವುದಿಲ್ಲ. ಕೂಗು ಕೂಡ ಬಾಯಿಂದ ಹೊರಡದೆ ಮುದ್ರಿತ ಚೀಟಿಯಾಗಿ ಇಳಿಯುವುದರಿಂದ ದನಿಯ ಏರಿಳಿತಕ್ಕೂ ಎಡೆಯಿಲ್ಲ.

ಆದರೆ ಮನೆಯಂಗಳದ ಆಟದಲ್ಲಿ ತೆರೆಯೂ ಇಲ್ಲ, ತೀರ್ಪುಗಾರನೂ ಇಲ್ಲ. ಅಲ್ಲಿ ಎದುರಾಳಿಯ ಹಕ್ಕನ್ನು ಕಾಯುವುದು ಆಟಗಾರನ ಮನಸ್ಸಾಕ್ಷಿಯೊಂದೇ. ಕೈಯಲ್ಲಿರುವ ಎಲೆಯನ್ನು ಮುಚ್ಚಿಡಲು ಅವನಿಗೆ ಅಧಿಕಾರವುಂಟು. ಆಡಿದ ಮಾತಿನ ಅರ್ಥವನ್ನು ಮುಚ್ಚಿಡಲು ಇಲ್ಲ.